‘ಬೇಡ’ ಎಂದ ಮೇಲೂ ಬರುವ ಸಂದೇಶ: ತಡ ಮಾಡುವುದು ಯಂತ್ರ ಮಾತ್ರವೇ?

ಟಿವಿ ಖರೀದಿಸಿದ ಮರುದಿನ ಅದೇ ಟಿವಿಗೆ ‘ಇಂದೇ ಕೊಳ್ಳಿ, ಭಾರಿ ರಿಯಾಯಿತಿ’ ಎಂಬ ಎಸ್ಸೆಮ್ಮೆಸ್. ಫ್ರಿಜ್ ಕೆಟ್ಟಿದೆ ಎಂದು ದೂರು ಕೊಟ್ಟವರಿಗೆ ಅದೇ ಕಂಪೆನಿಯಿಂದ ‘ನಮ್ಮ ಸೇವೆಗೆ ಐದು ಸ್ಟಾರ್ ಕೊಡಿ’ ಎಂಬ ಇಮೇಲ್. ಇನ್ನು ಕಳುಹಿಸಬೇಡಿ ಎಂದು ಬೆಳಿಗ್ಗೆ ಗುಂಡಿ ಒತ್ತಿದವರಿಗೆ ಸಂಜೆ ಮತ್ತೊಂದು. ಫೋನು ಮಾಡಿ ಕೇಳಿದರೆ ಉತ್ತರ ಸಿದ್ಧ: ‘ಸಿಸ್ಟಮ್‌ನಲ್ಲಿ ಇನ್ನೂ ಅಪ್‌ಡೇಟ್ ಆಗಿಲ್ಲ ಸಾರ್.’

ಈ ಉತ್ತರ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ದೊಡ್ಡ ಕಂಪೆನಿಗಳಲ್ಲಿ ಗ್ರಾಹಕರ ಮಾಹಿತಿ ಸಾಮಾನ್ಯವಾಗಿ ಎರಡು ಕಡೆ ಇರುತ್ತದೆ. ಹೆಸರು, ಖರೀದಿ, ದೂರು ಇತ್ಯಾದಿ ಸೇಲ್ಸ್‌ಫೋರ್ಸ್‌ನಂಥ ಸಿಆರ್‌ಎಂ ಸಾಫ್ಟ್‌ವೇರ್‌ನಲ್ಲಿ. ಸಾವಿರಾರು ಜನರಿಗೆ ತಾನಾಗಿ ಸಂದೇಶ ಕಳುಹಿಸುವ ಕೆಲಸ ಮಾರ್ಕೆಟೊ, ಹಬ್‌ಸ್ಪಾಟ್ ಮುಂತಾದ ಮಾರ್ಕೆಟಿಂಗ್ ಆಟೊಮೇಶನ್ ಸಾಫ್ಟ್‌ವೇರ್‌ನದ್ದು. ಒಂದರಲ್ಲಾದ ಬದಲಾವಣೆ ಇನ್ನೊಂದಕ್ಕೆ ತಲುಪುವುದಕ್ಕೆ ‘ಸಿಂಕ್’ ಎನ್ನುತ್ತಾರೆ. ಮಾರ್ಕೆಟೊದಲ್ಲಿ ಒಂದು ಸುತ್ತು ಮುಗಿದು ಸುಮಾರು 5 ನಿಮಿಷದ ಬಳಿಕ ಮುಂದಿನ ಸುತ್ತು ಶುರುವಾಗುತ್ತದೆ. ಹಳ್ಳಿಗೆ ಒಂದೇ ಬಸ್ಸಿದ್ದಂತೆ. ಹೋದದ್ದು ತಿರುಗಿ ಬಂದ ಮೇಲೆಯೇ ಮುಂದಿನ ಟ್ರಿಪ್.

ಐದು ನಿಮಿಷದಿಂದ ಯಾರಿಗೂ ನಷ್ಟವಿಲ್ಲ. ಹಬ್ಬದ ಮಾರಾಟಕ್ಕೆ ಮುನ್ನ ಯಾರೋ ಎರಡು ಲಕ್ಷ ಹೆಸರುಗಳ ಪಟ್ಟಿಯನ್ನು ಒಮ್ಮೆಲೇ ತುಂಬಿದ ದಿನ ತೊಂದರೆ ಶುರು. ಅಷ್ಟೂ ದಾಖಲೆಗಳು ಸಾಲಿನಲ್ಲಿ ನಿಲ್ಲುತ್ತವೆ, ಬಸ್ಸು ಗಂಟೆಗಟ್ಟಲೆ ತಡ. ಸೇಲ್ಸ್‌ಫೋರ್ಸ್‌ನ ಎಂಟರ್‌ಪ್ರೈಸ್ ಆವೃತ್ತಿಯಲ್ಲಿ ಹೊರಗಿನ ಸಾಫ್ಟ್‌ವೇರ್‌ಗಳ ವಿನಂತಿಗಳಿಗೆ 24 ಗಂಟೆಗೆ 1 ಲಕ್ಷ, ಜೊತೆಗೆ ಪ್ರತಿ ಬಳಕೆದಾರ ಲೈಸೆನ್ಸಿಗೆ 1,000 ಎಂಬ ಮಿತಿ ಇದೆ. ಮಿತಿ ಮೀರಿದರೆ ಸಿಂಕ್ ನಿಂತೇ ಹೋಗಬಹುದು. ಆದರೆ ಸಂದೇಶ ಕಳುಹಿಸುವ ಯಂತ್ರಕ್ಕೆ ಇದರ ಪರಿವೆಯಿಲ್ಲ. ತನ್ನಲ್ಲಿರುವ ಹಳೆಯ ಪಟ್ಟಿ ಹಿಡಿದು ಅದು ಕಳುಹಿಸುತ್ತಲೇ ಇರುತ್ತದೆ.

ಇನ್ನೊಂದು ಕಾರಣ ಹೇಳಿದರೆ ನಗು ಬಂದೀತು. ಗ್ರಾಹಕರು ‘ಬೇಡ’ ಎಂದದ್ದು ಸರಿಯಾಗಿ ದಾಖಲಾಗಿರುತ್ತದೆ. ಮಾರನೇ ವಾರ ಮಾರಾಟ ವಿಭಾಗದವರು ಆರು ತಿಂಗಳ ಹಿಂದಿನ ಎಕ್ಸೆಲ್ ಪಟ್ಟಿಯನ್ನು ಮತ್ತೆ ಸೇರಿಸುತ್ತಾರೆ. ‘ಕೊನೆಗೆ ಬಂದದ್ದೇ ಸರಿ’ ಎಂಬ ನಿಯಮವಿದ್ದರೆ ಹಳೆಯ ‘ಹೌದು’ ಹೊಸ ‘ಬೇಡ’ವನ್ನು ಅಳಿಸಿಹಾಕುತ್ತದೆ.

ಇಲ್ಲಿ ತಪ್ಪು ಯಂತ್ರದ್ದಲ್ಲ. ವಿಳಾಸದ ಕಾಗುಣಿತ ತಿದ್ದಿದ್ದು, ಹುಟ್ಟಿದ ದಿನಾಂಕ ಸೇರಿಸಿದ್ದು, ಇನ್ನು ಕಳುಹಿಸಬೇಡಿ ಎಂದದ್ದು, ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದವರು ಮನುಷ್ಯರು. ಪರಿಹಾರಕ್ಕೆ ಹೊಸ ಸಾಫ್ಟ್‌ವೇರ್ ಬೇಕಿಲ್ಲ. ‘ಬೇಡ’ ಎಂಬುದಕ್ಕೆ ಪ್ರತ್ಯೇಕ ದಾರಿ ಬೇಕು, ಅದು ಒಡನೆ ತಲುಪಬೇಕು. ಕಳುಹಿಸುವ ಕ್ಷಣದಲ್ಲಿ ಮತ್ತೊಮ್ಮೆ ಮೂಲ ದಾಖಲೆ ನೋಡಬೇಕು. ಸಿಂಕ್ ಹಿಂದೆ ಬಿದ್ದಿದ್ದರೆ ಪ್ರಚಾರ ತಾನಾಗಿ ನಿಲ್ಲಬೇಕು. ಕೊನೆಯದು ಮಾರಾಟ ವಿಭಾಗಕ್ಕೆ ರುಚಿಸುವುದಿಲ್ಲ. ತಡದ ಬೆಲೆ ತೆರುವವರು ಗ್ರಾಹಕರು, ನಿಲ್ಲಿಸಿದ ನಷ್ಟ ಕಂಪೆನಿಯದು!

ಗಡಿನಾಡಿನವರಿಗೆ ಇದರ ಮತ್ತೊಂದು ಮುಖವೂ ಉಂಟು. ಪಿನ್ ಕೋಡ್ 671ರಿಂದ ಆರಂಭವಾದರೆ ಭಾಷೆ ಮಲಯಾಳಂ ಎಂದು ಯಂತ್ರಕ್ಕೆ ಹೇಳಿಕೊಟ್ಟಿದ್ದರೆ, ಮಂಜೇಶ್ವರದ ಗ್ರಾಹಕರು ಕಸ್ಟಮರ್ ಕೇರ್‌ಗೆ ಹೇಳಿ ಕನ್ನಡ ಎಂದು ಬದಲಿಸಿಕೊಂಡರೂ ಮುಂದಿನ ಸಿಂಕ್‌ನಲ್ಲಿ ಅದು ಪುನಃ ಮಲಯಾಳಂ ಆಗಬಹುದು. ಭಾಷೆಯ ಕಾಲಂಗೆ ಯಾವ ಸಾಫ್ಟ್‌ವೇರ್ ಯಜಮಾನ ಎಂದು ಮೊದಲೇ ತೀರ್ಮಾನಿಸದಿದ್ದರೆ ಆಗುವುದು ಇದೇ.

ಕಾನೂನು ಮಾತ್ರ ಈ ತಡವನ್ನು ನಿಧಾನವಾಗಿ ಕಿರಿದು ಮಾಡುತ್ತಾ ಬಂದಿದೆ. 2007ರಲ್ಲಿ ‘ಕರೆ ಬೇಡ’ ಪಟ್ಟಿ ಆರಂಭವಾದಾಗ ನೋಂದಣಿ ಜಾರಿಯಾಗಲು 45 ದಿನ ಹಿಡಿಯುತ್ತಿತ್ತು. 2011ರ ಸೆಪ್ಟೆಂಬರ್‌ನಿಂದ ಅದು 7 ದಿನಕ್ಕೆ ಇಳಿಯಿತು. 2025ರ ಫೆಬ್ರವರಿಯಲ್ಲಿ ಟ್ರಾಯ್ ತಂದ ತಿದ್ದುಪಡಿಯಂತೆ ಪ್ರಚಾರ ಸಂದೇಶದಲ್ಲೇ ‘ಬೇಡ’ ಎನ್ನಲು ಅವಕಾಶವಿರಬೇಕು, ಹಾಗೆಂದವರ ಒಪ್ಪಿಗೆಯನ್ನು 90 ದಿನ ಮತ್ತೆ ಕೇಳುವಂತಿಲ್ಲ. ಇದು ಕರೆ ಮತ್ತು ಎಸ್ಸೆಮ್ಮೆಸ್‌ಗೆ ಮಾತ್ರ, ಇಮೇಲ್‌ಗೆ ಅಲ್ಲ.

ಇಮೇಲ್‌ಗೂ ಅನ್ವಯಿಸುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ. ಒಪ್ಪಿಗೆ ಹಿಂತೆಗೆದುಕೊಂಡರೆ ಕಂಪೆನಿಯು ‘ಸಮಂಜಸ ಅವಧಿ’ಯಲ್ಲಿ ಮಾಹಿತಿಯ ಬಳಕೆ ನಿಲ್ಲಿಸಬೇಕು, ತನ್ನ ಪರವಾಗಿ ಅದನ್ನು ಬಳಸುವ ಇತರರೂ ನಿಲ್ಲಿಸುವಂತೆ ಮಾಡಬೇಕು. ಅಂದರೆ ‘ಆ ಸಾಫ್ಟ್‌ವೇರ್ ಬೇರೆಯವರದ್ದು’ ಎಂಬ ನೆಪ ನಡೆಯದು. ದಂಡ 50 ಕೋಟಿ ರೂ.ವರೆಗೆ ಆಗಬಹುದು. 2025ರ ನವೆಂಬರ್‌ನ ಅಧಿಸೂಚನೆ ಈ ಭಾಗಗಳ ಜಾರಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿತು. ಸಮಂಜಸ ಅವಧಿ ಎಂದರೆ ಐದು ನಿಮಿಷವೋ ಐದು ದಿನವೋ ಎಂಬುದನ್ನು ಕಾಯಿದೆ ಹೇಳಿಲ್ಲ. ಮುಂದಿನ ಜಗಳ ಇರುವುದು ಅಲ್ಲೇ.

ಆವರೆಗೆ, ಅನಗತ್ಯ ಎಸ್ಸೆಮ್ಮೆಸ್ ಬಂದರೆ 7 ದಿನದೊಳಗೆ 1909ಕ್ಕೆ ದೂರು ಕೊಡಬಹುದು. ಈ ಅವಧಿ ಮೊದಲು 3 ದಿನವಿತ್ತು. ‘ಬೇಡ’ ಎಂದ ದಿನ ಮತ್ತು ಗಂಟೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದರೆ ‘ಅಪ್‌ಡೇಟ್ ಆಗಿಲ್ಲ’ ಎಂಬವರ ಮುಂದೆ ತೋರಿಸಲು ಅನುಕೂಲ.