ಬಣ್ಣಕ್ಕೆ ಮರುಳಾಗಿ ಮೀನು ಕೊಳ್ಳಬೇಡಿ



ಮಕ್ಕಳ ಒತ್ತಾಯಕ್ಕೆ ಮಣಿದು ಮನೆಗೆ ಅಕ್ವೇರಿಯಂ ತರುವುದು ಈಗ ಸಾಮಾನ್ಯವಾಗಿದೆ. ಅದು ಸಂತೋಷದ ಸಂಗತಿಯೇ. ಆದರೆ ತಂದ ವಾರದಲ್ಲೇ ಮೀನು ಸತ್ತಾಗ ಹಿರಿಯರು ಆಡುವ ಒಂದು ಮಾತು ನನಗೆ ಸರಿಕಾಣದು: "ಹೋದರೆ ಹೋಗಲಿ, ಇನ್ನೊಂದು ತಂದರಾಯಿತು." ಮಗುವಿನ ಪಾಲಿಗೆ ಅದೇ ಸಾವಿನ ಮೊದಲ ಪಾಠವಾಗಿರಬಹುದು. ಜೀವವೆಂದರೆ ಮುರಿದ ಬಳಪದಂತೆ ಬದಲಾಯಿಸುವ ವಸ್ತು ಎಂದು ಆ ಪಾಠ ಕಲಿಸಬಾರದು. ಮೀನಿನ ಆಯ್ಕೆಯಲ್ಲಿ ತೋರುವ ಎಚ್ಚರವೇ ಜೀವದಯೆಯ ಮೊದಲ ಮೆಟ್ಟಿಲು ಎಂಬುದು ನನ್ನ ಅಭಿಪ್ರಾಯ.

ಅಂಗಡಿಗೆ ಹೋದವರು ಮೊದಲು ನೋಡಬೇಕಾದುದು ಮೀನನ್ನಲ್ಲ, ಅದಿರುವ ತೊಟ್ಟಿಯನ್ನು. ನೀರಿನಲ್ಲಿ ಸತ್ತ ಮೀನು ತೇಲುತ್ತಿದ್ದರೆ ಅದೇ ತೊಟ್ಟಿಯ ಚುರುಕಾದ ಮೀನನ್ನೂ ಕೊಳ್ಳಬಾರದು; ಸೋಂಕು ನೀರಿನ ಮೂಲಕವೇ ಹರಡುತ್ತದೆ. ತೊಟ್ಟಿ ಶುಚಿಯಾಗಿದ್ದರೆ ಐದು ನಿಮಿಷ ಸುಮ್ಮನೆ ನಿಂತು ಗಮನಿಸಿ. ಆರೋಗ್ಯವಂತ ಮೀನಿನ ಕಣ್ಣು ತಿಳಿಯಾಗಿರುತ್ತದೆ, ಈಜುರೆಕ್ಕೆಗಳು ಅರಳಿರುತ್ತವೆ. ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ಮೂಲೆಯಲ್ಲಿ ನಿಂತಿರುವುದು, ಕಲ್ಲಿಗೆ ಮೈ ಉಜ್ಜುವುದು, ಹೊಟ್ಟೆ ಒಳಸೇರಿರುವುದು, ಹುರುಪೆಗಳು ಮೇಲೆದ್ದಿರುವುದು, ಇವೆಲ್ಲ ಕಾಯಿಲೆಯ ಚಿಹ್ನೆಗಳು. ಮೈಮೇಲೆ ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆಗಳಿದ್ದರೆ ಅದು ಪರಾವಲಂಬಿ ಸೂಕ್ಷ್ಮಜೀವಿಯ ಕೆಲಸ. ಅಂತಹ ಒಂದು ಮೀನು ಮನೆಯ ಇಡೀ ತೊಟ್ಟಿಗೆ ರೋಗ ಹರಡಬಲ್ಲದು. ನೀರಿನ ಮೇಲ್ಭಾಗದಲ್ಲಿ ಬಾಯಿ ತೆರೆದು ಏದುಸಿರು ಬಿಡುವ ಗೋಲ್ಡ್ ಫಿಶ್ ಕೂಡ ಬೇಡ. ಗೌರಾಮಿ ಮತ್ತು ಬೆಟ್ಟಾ ಮೀನುಗಳ ಮಾತು ಬೇರೆ. ಗಾಳಿಯನ್ನು ನೇರವಾಗಿ ಸೇವಿಸುವ ಅಂಗ ಅವಕ್ಕಿರುವುದರಿಂದ ಆಗಾಗ ಮೇಲೆ ಬರುವುದು ಸಹಜ. ಕೊನೆಗೆ, ಚಿಟಿಕೆ ಆಹಾರ ಹಾಕುವಂತೆ ಅಂಗಡಿಯವರನ್ನು ಕೇಳಿ. ತಿನ್ನಲು ಮುಂದೆ ಬಾರದ ಮೀನನ್ನು ಬಿಟ್ಟುಬಿಡಿ.

ಇಲ್ಲಿ ಮಕ್ಕಳು ಒಂದು ಧರ್ಮಸಂಕಟ ತಂದೊಡ್ಡುತ್ತಾರೆ. ಮೂಲೆಯಲ್ಲಿ ಬಳಲಿರುವ ಮೀನನ್ನೇ ತೋರಿಸಿ "ಪಾಪ, ಇದನ್ನೇ ಕೊಳ್ಳೋಣ" ಎನ್ನುತ್ತಾರೆ. ಆ ಕನಿಕರವನ್ನು ಹಳಿಯಬೇಡಿ. ಆದರೆ ಆ ಮೀನನ್ನು ಕೊಂಡರೆ ಮನೆಯ ಉಳಿದ ಮೀನುಗಳಿಗೆ ಅಪಾಯವೆಂದೂ, ರೋಗದ ಮೀನಿಗೂ ಗಿರಾಕಿಗಳಿದ್ದಾರೆಂದು ಅಂಗಡಿಯವರಿಗೆ ತಿಳಿಸಿದಂತಾಗುವುದೆಂದೂ ವಿವರಿಸಿ. ಇದೇ ಕಾರಣಕ್ಕೆ ಬಣ್ಣ ಚುಚ್ಚಿದ ಮೀನುಗಳನ್ನೂ ನಿರಾಕರಿಸಬೇಕು. ನಮ್ಮ ದೇಶದ ನದಿಗಳಲ್ಲೇ ಇರುವ, ಮೈ ಪಾರದರ್ಶಕವಾದ ಗಾಜುಮೀನಿನ ಚರ್ಮದಡಿ ಸೂಜಿಯಿಂದ ಬಣ್ಣ ತುಂಬಿ ಮಾರುವುದುಂಟು. ಅದು ಅಲಂಕಾರವಲ್ಲ, ಹಿಂಸೆ.

ಮೀನಿನ ಆರೋಗ್ಯದಷ್ಟೇ ಅದು ಎಷ್ಟು ದೊಡ್ಡದಾಗುವುದೆಂಬುದನ್ನೂ ವಿಚಾರಿಸಬೇಕು. ಗೋಲ್ಡ್ ಫಿಶ್ ಒಳ್ಳೆಯ ಆರೈಕೆಯಲ್ಲಿ 10 ವರ್ಷಕ್ಕೂ ಮೀರಿ ಬದುಕಬಲ್ಲದು. ಗಾಜಿನ ಬೋಗುಣಿ ಅದಕ್ಕೆ ಸೆರೆಮನೆ. ತೊಟ್ಟಿಯ ಪಾಚಿ ತಿನ್ನಲೆಂದು ತರುವ ಸಕ್ಕರ್ ಮೀನು ಒಂದು ಅಡಿಗೂ ಮೀರಿ ಬೆಳೆಯುತ್ತದೆ. ಸಾಕಲಾರದೆ ಅದನ್ನು ಕೆರೆಗೆ ಬಿಡುವವರು ಪುಣ್ಯ ಕಟ್ಟಿಕೊಳ್ಳುತ್ತಿಲ್ಲ. ದಕ್ಷಿಣ ಅಮೆರಿಕ ಮೂಲದ ಆ ಮೀನು ದಕ್ಷಿಣ ಭಾರತದ ಹಲವು ಜಲಾಶಯಗಳಲ್ಲಿ ಈಗಾಗಲೇ ಹರಡಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿದೆ.

ಇಷ್ಟೆಲ್ಲ ನೋಡಿ ಆರಿಸಿದ ಮೀನೂ ಹೊಸ ತೊಟ್ಟಿಯಲ್ಲಿ ಸಾಯಬಹುದು. ಮೀನಿನ ತ್ಯಾಜ್ಯದಿಂದ ಉಂಟಾಗುವ ಅಮೋನಿಯ ವಿಷ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಫಿಲ್ಟರಿನಲ್ಲಿ ಆ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಆದ್ದರಿಂದ ತೊಟ್ಟಿ ಮೊದಲು, ಮೀನು ಆಮೇಲೆ. ನಲ್ಲಿ ನೀರಿನ ಕ್ಲೋರಿನ್ ಕಳೆಯುವುದನ್ನೂ ಮರೆಯಬಾರದು.

ಮಕ್ಕಳನ್ನು ಈ ಕಾಯುವಿಕೆಯಲ್ಲಿ ಪಾಲುದಾರರನ್ನಾಗಿಸಿ. ಒಳ್ಳೆಯ ಮೀನು ಸಿಗದ ದಿನ ಅವರೊಡನೆ ಬರಿಗೈಯಲ್ಲಿ ಹಿಂದಿರುಗಲು ಸಂಕೋಚಪಡಬೇಡಿ. ಬೇಕೆನಿಸಿದ್ದನ್ನು ಆ ಕ್ಷಣವೇ ಕೊಳ್ಳದಿರುವುದು ಯಾವ ಪಠ್ಯಪುಸ್ತಕವೂ ಕಲಿಸದ ವಿದ್ಯೆ.