ಹವ್ಯಾಸಿ ಚಿತ್ರಕಾರ ಮತ್ತು ಚಿತ್ರದ ಬೆಲೆ

ಜೀವನೋಪಾಯಕ್ಕೆ ಬೇರೊಂದು ಉದ್ಯೋಗವನ್ನು ನೆಚ್ಚಿಕೊಂಡು, ಬಿಡುವಿನ ವೇಳೆಯಲ್ಲಿ ಪೆನ್ಸಿಲನ್ನೋ ಇದ್ದಿಲನ್ನೋ ಹಿಡಿಯುವ ಹವ್ಯಾಸಿ ಚಿತ್ರಕಾರರು ತಮ್ಮ ರೇಖಾಚಿತ್ರಗಳನ್ನು ಮಾರಬಹುದೆ, ಪರರು ಕೇಳಿದಂತೆ ಚಿತ್ರ ಬರೆದುಕೊಡಬಹುದೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಪ್ರೀತಿಯಿಂದ ಮಾಡಿದ್ದಕ್ಕೆ ಬೆಲೆ ಕಟ್ಟಿದರೆ ಪ್ರೀತಿಯೇ ಕೆಡುತ್ತದೆ ಎಂಬುದು ಒಂದು. ಹೇಗಿದ್ದರೂ ಸಂಬಳವಿರುವುದರಿಂದ ಚಿತ್ರದಿಂದ ಬಂದಷ್ಟೂ ಲಾಭವೇ ಎಂಬುದು ಇನ್ನೊಂದು. ಎರಡೂ ಹಣದ ಮೇಲೆಯೇ ಕಣ್ಣಿಟ್ಟು, ಹವ್ಯಾಸಿಗೆ ಮಾತ್ರ ಧಾರಾಳವಾಗಿ ದಕ್ಕಿರುವ ಒಂದು ಸಂಪತ್ತನ್ನು ಮರೆಯುತ್ತವೆ. ಬಂದ ಕೆಲಸವನ್ನು ಬೇಡವೆನ್ನುವ ಸ್ವಾತಂತ್ರ್ಯವೇ ಆ ಸಂಪತ್ತು. ಮಾರಾಟದ ಒಳಿತು ಕೆಡುಕುಗಳನ್ನು ಅದರಿಂದಲೇ ಅಳೆಯಬೇಕು.

ಮಾರಾಟದಿಂದಲೇ ಕಲೆ ಕೆಡುತ್ತದೆ ಎಂಬ ವಾದಕ್ಕೆ ಇತಿಹಾಸದ ಬೆಂಬಲ ಕಡಿಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಲ್ಕತ್ತದ ಕಾಳಿಘಾಟ್ ದೇವಾಲಯದ ಸುತ್ತಮುತ್ತ ಪಟುವಾಗಳು, ಎಂದರೆ ಪಟ ಬರೆಯುವ ಕುಲವೃತ್ತಿಯವರು, ಯಾತ್ರಿಕರಿಗೆ ತೀರ ಅಗ್ಗವಾಗಿ ಮಾರುತ್ತಿದ್ದ ಚಿತ್ರಗಳು ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ. ಬೇಗ ಬರೆದು ಬೇಗ ಮಾರಬೇಕಾದ ಒತ್ತಡವೇ ಅವುಗಳ ದಿಟ್ಟ, ತುಂಬು ರೇಖೆಯನ್ನು ರೂಪಿಸಿತು. ಕರ್ನಾಟಕ ಚಿತ್ರಕಲಾ ಪರಿಷತ್ತು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ವರ್ಷಕ್ಕೊಮ್ಮೆ ನಡೆಸುವ ಚಿತ್ರಸಂತೆಯಲ್ಲಿ ಹೆಸರಾಂತರೂ ಹೊಸಬರೂ ಒಂದೇ ಬೀದಿಯಲ್ಲಿ ಕೃತಿಗಳನ್ನು ಹರಡಿ ಕೂರುತ್ತಾರೆ. ಗ್ಯಾಲರಿಯ ಮೆಟ್ಟಿಲು ಹತ್ತಲು ಹಿಂಜರಿಯುವವರು ಅಲ್ಲಿ ನಿಂತು ನೋಡಿ, ಬೆಲೆ ಕೇಳಿ, ಕೆಲವೊಮ್ಮೆ ಕೊಳ್ಳುತ್ತಾರೆ. ನೆಂಟರಿಷ್ಟರ ಹೊಗಳಿಕೆಯನ್ನಷ್ಟೇ ಕೇಳಿದ್ದ ಹವ್ಯಾಸಿಗೆ, ಗುರುತು ಪರಿಚಯವಿಲ್ಲದವರೊಬ್ಬರು ತಮ್ಮ ಗೋಡೆಗೆಂದು ಹಣ ಕೊಟ್ಟು ಒಯ್ಯುವುದು ಬೇರೆಲ್ಲೂ ಸಿಗದ ವಿಮರ್ಶೆ.

ಆದರೆ ಬರೆದದ್ದನ್ನು ಮಾರುವುದಕ್ಕೂ ಕೇಳಿದ್ದನ್ನು ಬರೆದುಕೊಡುವುದಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಚಿತ್ರ ಮುಗಿದಿರುತ್ತದೆ, ಕೊಳ್ಳುವವರು ಒಪ್ಪಬಹುದು ಅಥವಾ ಮುಂದೆ ಹೋಗಬಹುದು. ಎರಡನೆಯದರಲ್ಲಿ, ಅಂದರೆ ಬೇಡಿಕೆಯ ಚಿತ್ರದಲ್ಲಿ, ಇನ್ನೂ ಹುಟ್ಟದ ಕೃತಿಯ ಬಗ್ಗೆ ಮಾತು ಕೊಟ್ಟು, ಮುಂದಿನ ಕೆಲವು ವಾರಗಳ ಬಿಡುವನ್ನು ಒತ್ತೆಯಿಡಬೇಕಾಗುತ್ತದೆ. ಹವ್ಯಾಸಿಗಳಿಗೆ ಹೆಚ್ಚಾಗಿ ಬರುವುದು ಭಾವಚಿತ್ರದ ಬೇಡಿಕೆ. ತೀರಿಹೋದ ತಂದೆಯ ಅಂಚೆಚೀಟಿಯಷ್ಟು ಚಿಕ್ಕದಾದ ಫೋಟೊ ಒಂದನ್ನೂ, ತಾಯಿಯ ಇತ್ತೀಚಿನ ಮೊಬೈಲ್ ಚಿತ್ರವನ್ನೂ ಕೊಟ್ಟು, ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಬರೆಯಬೇಕೆಂದು ಮಕ್ಕಳು ಕೇಳುತ್ತಾರೆ. ಒಂದರಲ್ಲಿ ಬೆಳಕು ಎಡಗಡೆಯಿಂದ ಬಿದ್ದಿದ್ದರೆ ಇನ್ನೊಂದರಲ್ಲಿ ಫ್ಲ್ಯಾಶ್ ಮುಖದ ನೆರಳನ್ನೆಲ್ಲ ಅಳಿಸಿಬಿಟ್ಟಿರುತ್ತದೆ. ಮೂಗಿನ ಪಕ್ಕದ ನೆರಳು, ಕೆನ್ನೆಯ ತಿರುವು, ಕಣ್ಣಿನ ಹೊಳಪು ಇವನ್ನು ಒಂದೇ ಬೆಳಕಿಗೆ ಹೊಂದಿಸಿ ಊಹಿಸಿಕೊಳ್ಳಬೇಕು. ಅಷ್ಟೆಲ್ಲ ಆದ ಮೇಲೂ ಮನೆಯವರ ನೆನಪಿನಲ್ಲಿರುವ ಮುಖ ಬೇರೆಯೇ ಆಗಿರಬಹುದು. ಅಲ್ಲಿ ತಗಾದೆ ಹುಟ್ಟಿದರೆ ಅದಕ್ಕೆ ಕಾರಣ ಕೈಚಳಕದ ಕೊರತೆಗಿಂತ ಹೆಚ್ಚಾಗಿ ಮೊದಲೇ ಆಡದೆ ಉಳಿದ ಮಾತು.

ವಿನ್ಸೆಂಟ್ ವ್ಯಾನ್ ಗೋನ ಮೊದಲ ಬೇಡಿಕೆ ಈ ಮಾತಿಗೆ ಒಳ್ಳೆಯ ನಿದರ್ಶನ. 1882ರಲ್ಲಿ, ಚಿತ್ರಕಲೆಗೆ ತೊಡಗಿ ಇನ್ನೂ ಎರಡು ವರ್ಷವೂ ತುಂಬದೆ ತಮ್ಮನ ಹಣದಲ್ಲಿ ಬದುಕುತ್ತಿದ್ದಾಗ, ಕಲಾಕೃತಿಗಳ ವ್ಯಾಪಾರಿಯಾಗಿದ್ದ ಚಿಕ್ಕಪ್ಪ ಕೊರ್ನೆಲಿಸ್ ಅವನಿಗೆ ಹೇಗ್ ನಗರದ ದೃಶ್ಯಗಳ ಹನ್ನೆರಡು ಲೇಖನಿಚಿತ್ರಗಳನ್ನು ಒಂದಕ್ಕೆ ಎರಡೂವರೆ ಗಿಲ್ಡರಿನಂತೆ ಬರೆದುಕೊಡಲು ಹೇಳಿದ. ಎಣಿಕೆ, ವಸ್ತು, ಬೆಲೆ ಎಲ್ಲವೂ ಸ್ಪಷ್ಟವಾಗಿದ್ದ ಆ ಕೆಲಸ ಚೆನ್ನಾಗಿ ನಡೆದು ಇನ್ನೊಂದು ಬೇಡಿಕೆಯೂ ಬಂತು. ಎರಡನೆಯ ಕಂತಿನ ಚಿತ್ರಗಳು ಇನ್ನಷ್ಟು ಶ್ರಮ ಬೇಡಿದವಾದರೂ ಅವುಗಳಿಗೆ ದೊರೆತದ್ದು ನಿರೀಕ್ಷೆಗಿಂತ ಕಡಿಮೆ ಹಣ, ಜತೆಗೆ ಆಕ್ಷೇಪದ ಮಾತು. ಸಂಬಂಧಿಕರ ನಡುವೆಯೂ ಚಿತ್ರದ ವ್ಯವಹಾರ ವ್ಯವಹಾರವೇ ಎಂಬುದನ್ನು ಇದು ತೋರಿಸುತ್ತದೆ.

ಕಾನೂನಿನ ವಿಷಯದಲ್ಲಂತೂ ಮೌನ ಕಲಾವಿದನಿಗೇ ನಷ್ಟ. ಕೃತಿಸ್ವಾಮ್ಯವೆಂದರೆ ಕೃತಿಯ ಪ್ರತಿಗಳನ್ನು ಮಾಡುವ, ಪ್ರಕಟಿಸುವ ಹಕ್ಕು. ಸಾಮಾನ್ಯವಾಗಿ ಅದು ಬರೆದವನದು, ಚಿತ್ರ ಮಾರಿದ ಮಾತ್ರಕ್ಕೆ ಕೈಬಿಟ್ಟು ಹೋಗುವುದಿಲ್ಲ. ಆದರೆ ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನ ಪ್ರಕಾರ, ಪ್ರತಿಫಲ ಪಡೆದು ಒಬ್ಬರ ಕೋರಿಕೆಯ ಮೇರೆಗೆ ಬರೆದ ವರ್ಣಚಿತ್ರ ಅಥವಾ ಭಾವಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರಿಗೇ ಸೇರುತ್ತದೆ. ತನ್ನದೇ ಚಿತ್ರದ ಮುದ್ರಿತ ಪ್ರತಿಗಳನ್ನು ಮುಂದೆ ಮಾರಬಯಸುವ ಹವ್ಯಾಸಿ ಒಂದು ಸಾಲಿನ ಬರಹದಿಂದ ಈ ಹಕ್ಕನ್ನು ಉಳಿಸಿಕೊಳ್ಳಬಹುದು. ಕೃತಿ ತನ್ನದೆಂದು ಹೇಳಿಕೊಳ್ಳುವ ಹಾಗೂ ತನ್ನ ಗೌರವಕ್ಕೆ ಕುಂದಾಗುವಂತೆ ಅದನ್ನು ವಿರೂಪಗೊಳಿಸುವುದನ್ನು ತಡೆಯುವ ಹಕ್ಕನ್ನು 57ನೆಯ ಕಲಮು ಪ್ರತ್ಯೇಕವಾಗಿಯೇ ಕಾಯುತ್ತದೆ. ಅಳತೆ, ಮಾಧ್ಯಮ, ಗಡುವು, ಮುಂಗಡ, ಎಷ್ಟು ಬಾರಿ ತಿದ್ದಿಕೊಡಬೇಕು, ಕೃತಿಸ್ವಾಮ್ಯ ಯಾರದು ಎಂಬಿಷ್ಟು ಬರಹದಲ್ಲಿದ್ದರೆ ಸ್ನೇಹವೂ ಉಳಿಯುತ್ತದೆ.

ಬೆಲೆಯ ಪ್ರಶ್ನೆ ಹವ್ಯಾಸಿಯೊಬ್ಬನಿಗೇ ಸೇರಿದ್ದಲ್ಲ. ಕಾಗದದ ಖರ್ಚು ಬಂದರೆ ಸಾಕೆಂದು ಆತ ಭಾವಚಿತ್ರವನ್ನು ಕೊಟ್ಟುಬಿಟ್ಟರೆ, ಅದೇ ಊರಿನಲ್ಲಿ ಅದರಿಂದಲೇ ಬಾಡಿಗೆ ಕಟ್ಟಿ ಮಕ್ಕಳನ್ನು ಓದಿಸಬೇಕಾದ ಕಲಾವಿದನ ನ್ಯಾಯವಾದ ಬೆಲೆ ದುಬಾರಿಯಂತೆ ಕಾಣುತ್ತದೆ. ಸಂಬಳದ ಆಸರೆಯಿರುವವನ ಔದಾರ್ಯದ ಹೊರೆಯನ್ನು ಆಸರೆಯಿಲ್ಲದವನು ಹೊರಬೇಕಾಗುತ್ತದೆ. ಕಡಿಮೆ ಬೆಲೆಯಿಂದ ಬಡವರ ಮನೆಗೂ ಕಲೆ ತಲುಪುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ, ಆದರೆ ಆ ಉದ್ದೇಶಕ್ಕೆ ಚಿಕ್ಕ ಅಳತೆಯ ಚಿತ್ರಗಳಿವೆ, ಮುದ್ರಿತ ಪ್ರತಿಗಳಿವೆ, ಪ್ರೀತಿಯಿಂದ ಕೊಡುವ ಉಡುಗೊರೆಯೂ ಇದೆ. ಉಡುಗೊರೆಯನ್ನು ಉಡುಗೊರೆಯೆಂದೇ ಕೊಡುವುದು ಲೇಸು; ಬೆಲೆ ಹೇಳುವುದಾದರೆ ಸಾಮಗ್ರಿಯ ಜತೆಗೆ ದುಡಿದ ವೇಳೆಯನ್ನೂ ಸೇರಿಸಿಯೇ ಹೇಳಬೇಕು.

ಹೀಗೆ ನೋಡಿದರೆ ಪೂರ್ಣ ಬೆಲೆಯೂ ಬರಹದ ಒಪ್ಪಂದವೂ ಹವ್ಯಾಸಕ್ಕೆ ಹೊರಗಿನಿಂದ ಅಂಟಿದ ವ್ಯಾಪಾರವಲ್ಲ, ಅದರ ಸ್ವಾತಂತ್ರ್ಯವನ್ನು ಕಾಯುವ ಬೇಲಿ. ವೃತ್ತಿಕಲಾವಿದರು ಎಷ್ಟೋ ಸಲ ಮನಸ್ಸಿಲ್ಲದ ಕೆಲಸವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ, ಆ ಅನಿವಾರ್ಯತೆಗೆ ಗೌರವ ಸಲ್ಲಬೇಕು. ಅಂಥ ಅನಿವಾರ್ಯತೆಯಿಲ್ಲದ ಹವ್ಯಾಸಿಯು ಬಂದ ಬೇಡಿಕೆಗಳಿಗೆಲ್ಲ ತಲೆಯಾಡಿಸಿ, ಭಾನುವಾರಗಳನ್ನೆಲ್ಲ ಪರರ ಫೋಟೊಗಳಿಗೆ ಒಪ್ಪಿಸಿ, ತನ್ನ ಕಣ್ಣು ಬಯಸಿದ್ದನ್ನು ಬರೆಯಲು ಪುರುಸೊತ್ತಿಲ್ಲದಂತೆ ಮಾಡಿಕೊಂಡರೆ, ಅವನು ಕಳೆದುಕೊಂಡದ್ದನ್ನು ಯಾವ ಬೆಲೆಯೂ ತುಂಬಿಕೊಡಲಾರದು. ತನಗೂ ಕಲಿಯಲು ಏನಾದರೂ ಇರುವ ಬೇಡಿಕೆಯನ್ನು ಮಾತ್ರ ಒಪ್ಪಿ, ಉಳಿದದ್ದನ್ನು ಅದರಿಂದ ಬದುಕುವ ಕಲಾವಿದರ ಕಡೆಗೆ ಕಳಿಸುವ ಹವ್ಯಾಸಿ ತನ್ನ ಕಲೆಯನ್ನೂ ಅವರ ಅನ್ನವನ್ನೂ ಏಕಕಾಲಕ್ಕೆ ಗೌರವಿಸುತ್ತಾನೆ.