‘ರುಚಿಗೆ ತಕ್ಕಷ್ಟು ಉಪ್ಪು’ ಡ್ರಾಯಿಂಗ್ ಮೇಲೆ ಬೇಡ

ಸಿಡ್ನಿಯ ಸ್ಕೋಫೀಲ್ಡ್ಸ್‌ನಿಂದ ನಾವು ಮಾತಾಡ್ತಾ ಇದ್ದೇವೆ. ಈ ಕಂತಿನಲ್ಲಿ ಅತಿಥಿಗಳು ಯಾರೂ ಇಲ್ಲ, ನಮ್ಮದೇ ಒಂದು ಅಭಿಪ್ರಾಯ ಇದೆ. ವಿಷಯ ಕೇಳಿದರೆ ಕೆಲವರು ನಗಬಹುದು: ಎಂಜಿನಿಯರಿಂಗ್ ಡ್ರಾಯಿಂಗ್‌ನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇರ್ತವಲ್ಲ, ಆ ‘ನೋಟ್ಸ್’.

ಡ್ರಾಯಿಂಗ್ ನೋಡದವರಿಗೆ ಎರಡು ಮಾತು. ಒಂದು ಬಿಡಿಭಾಗದ ಚಿತ್ರ ಅದರ ಆಕಾರ, ಅಳತೆ ಹೇಳುತ್ತೆ. ಇಡೀ ಭಾಗಕ್ಕೆ ಅನ್ವಯಿಸುವ ಸಂಗತಿಗಳನ್ನು, ಅಂದರೆ ಅಳತೆಯ ಮಾನ, ಲೋಹ, ಎಷ್ಟು ಹೆಚ್ಚುಕಡಿಮೆ ಆದರೆ ನಡೆಯುತ್ತೆ ಅನ್ನೋ ಟಾಲರೆನ್ಸ್, ಲೇಪನ, ಇವನ್ನೆಲ್ಲ ಮೂಲೆಯಲ್ಲಿ ಒಂದೇ ಸಲ ಬರೆಯುತ್ತಾರೆ. ಬಹುತೇಕ ಕಡೆ ಇವು ಟೆಂಪ್ಲೇಟ್‌ನಲ್ಲೇ ಬಂದಿರ್ತವೆ. ಹೊಸ ಡ್ರಾಯಿಂಗ್ ತೆರೆದರೆ ಹತ್ತು ನೋಟ್ ರೆಡಿ. ಯಾರೂ ಓದೋದಿಲ್ಲ. ನಮ್ಮ ವಾದ ಇಷ್ಟೇ: ಮಷೀನ್ ಮುಂದೆ ನಿಂತವರು ಮಾಡಲಾಗದ, ತಪಾಸಣೆಯವರು ಅಳೆಯಲಾಗದ ನೋಟ್ ಡ್ರಾಯಿಂಗ್ ಮೇಲೆ ಇರಬಾರದು.

ಇದನ್ನು ಕಲಿತದ್ದು ನಮ್ಮದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಹೈಡ್ರಾಲಿಕ್ ವಾಲ್ವ್‌ನ ಸ್ಪೂಲ್ ಒಂದರ ಡ್ರಾಯಿಂಗ್ ಮಾಡಿ, ಬೆಂಗಳೂರಿನ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್‌ಗೆ ಕಳಿಸಿದೆವು. ಸ್ಪೂಲ್ ಅಂದರೆ ವಾಲ್ವ್ ಒಳಗೆ ಹಿಂದೆ ಮುಂದೆ ಜಾರುವ ಉಕ್ಕಿನ ದಂಡ. ಅದರ ಅಂಚುಗಳೇ ಎಣ್ಣೆಯ ದಾರಿಯನ್ನು ತೆರೆದು ಮುಚ್ಚುವುದು. ಆ ಅಂಚು ಚೂಪಾಗಿಯೇ ಇರಬೇಕು. ಸವೆದು ಉರುಟಾದರೆ ಮುಚ್ಚಿದಾಗಲೂ ಎಣ್ಣೆ ಸೋರುತ್ತೆ. ಇದು ನಮಗೆ ಚೆನ್ನಾಗಿ ಗೊತ್ತಿತ್ತು. ಆದರೆ ಟೆಂಪ್ಲೇಟ್‌ನ 4ನೇ ನೋಟ್, ಎಲ್ಲ ಬರ್ ಮತ್ತು ಚೂಪು ಅಂಚುಗಳನ್ನು ತೆಗೆಯಿರಿ ಅಂತ ಹೇಳ್ತಿತ್ತು. ನಾವು ಅದನ್ನು ಹಾಗೇ ಬಿಟ್ಟಿದ್ದೆವು.

ಅಲ್ಲಿನ ಫಿಟ್ಟರ್ ಬರೆದ ಹಾಗೇ ಮಾಡಿದರು. 40 ಸ್ಪೂಲ್, ಪ್ರತಿಯೊಂದರ ಪ್ರತಿ ಅಂಚನ್ನೂ ಶ್ರದ್ಧೆಯಿಂದ ಸವರಿದರು. 40ಕ್ಕೆ 40 ರಿಜೆಕ್ಟ್ ಆಯ್ತು. ವರ್ಕ್‌ಶಾಪ್ ಯಜಮಾನರು ಫೋನ್ ಮಾಡಿ ಕೇಳಿದ್ದು ಒಂದೇ ಮಾತು: “ಸಾರ್, ನೀವು ಬರೆದಿದ್ದನ್ನೇ ಅಲ್ವಾ ನಾವು ಮಾಡಿದ್ದು?” ತಪ್ಪು ನಮ್ಮದು ಅಂತ ನಾವು ಬರೆದುಕೊಟ್ಟೆವು. ಆದರೂ ಅವರ ಬಿಲ್ ಪೂರ್ತಿ ಪಾಸಾಗಲಿಲ್ಲ. ನಮಗೆ ಆ ತಿಂಗಳೂ ಸಂಬಳ ಬಂತು. ಅವರಿಗೆ ಉಕ್ಕಿನ ದುಡ್ಡು, ಗ್ರೈಂಡಿಂಗ್ ಕೂಲಿ, ಮಷೀನ್ ಸಮಯ ಎಲ್ಲ ಹೋಯ್ತು.

ಅಡುಗೆ ಪುಸ್ತಕದಲ್ಲಿ ‘ರುಚಿಗೆ ತಕ್ಕಷ್ಟು ಉಪ್ಪು’ ಅಂತಿರುತ್ತೆ. ಮನೆಯಲ್ಲಿ ನಡೆಯುತ್ತೆ, ಯಾಕಂದ್ರೆ ಹಾಕುವವರೇ ರುಚಿ ನೋಡ್ತಾರೆ. ಡ್ರಾಯಿಂಗ್‌ನಲ್ಲಿ ಉಪ್ಪು ಹಾಕುವವರು ಒಂದು ಖಂಡದಲ್ಲಿ, ರುಚಿ ನೋಡುವವರು ಇನ್ನೊಂದರಲ್ಲಿ. ‘ಚೂಪು ತೆಗೆಯಿರಿ’ ಅಂದರೆ ಎಷ್ಟು? ‘ಗುರುತು ಹಾಕಿದ ಅಂಚು ಚೂಪಾಗಿರಲಿ, ಉಳಿದವು 0.2ರಿಂದ 0.5 ಮಿ.ಮೀ.’ ಅಂತ ಬರೆದಿದ್ದರೆ ಆ 40 ಸ್ಪೂಲ್ ಉಳಿಯುತ್ತಿದ್ದವು. ಅಂಚುಗಳ ಸ್ಥಿತಿಯನ್ನು ಗುರುತಿಸಲೆಂದೇ ಐಎಸ್ಒ 13715 ಅನ್ನೋ ಮಾನಕ ಇದೆ, ಅದರಲ್ಲಿ ಚಿಹ್ನೆಗಳೂ ಇವೆ. ‘ಒಳ್ಳೆಯ ಗುಣಮಟ್ಟದಲ್ಲಿ ತಯಾರಿಸಿ’ ಅನ್ನೋ ನೋಟ್ ಅಂತೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಯಾವ ಮೈಕ್ರೋಮೀಟರ್‌ನಿಂದ ಅದನ್ನು ಅಳೆಯೋದು?

ನೋಟ್ ಬರೆಯದೆ ಬಿಟ್ಟರೂ ಪೆಟ್ಟು ಬೀಳುತ್ತೆ. 20 ಮಿ.ಮೀ. ವ್ಯಾಸದ ಒಂದು ಶಾಫ್ಟ್, ಟಾಲರೆನ್ಸ್ ಎಚ್6 ಅಂತಿಟ್ಟುಕೊಳ್ಳಿ. ಅಂದರೆ ನಮಗೆ ಸಿಗುವ ಅವಕಾಶ ಬರೀ 13 ಮೈಕ್ರಾನ್. ಅದಕ್ಕೆ 8 ಮೈಕ್ರಾನ್ ದಪ್ಪದ ಸತುವಿನ ಲೇಪನ. ಎರಡೂ ಬದಿ ಸೇರಿ ವ್ಯಾಸ 16 ಮೈಕ್ರಾನ್ ಹೆಚ್ಚುತ್ತೆ. ಲೇಪನವೊಂದೇ ಇಡೀ ಟಾಲರೆನ್ಸನ್ನು ನುಂಗಿಬಿಡ್ತು! 60 ಡಿಗ್ರಿಯ ತಿರುಪಿನಲ್ಲಿ ಪಿಚ್ ವ್ಯಾಸ ಲೇಪನದ ದಪ್ಪದ ನಾಲ್ಕು ಪಟ್ಟು ಬೆಳೆಯುತ್ತೆ, ಅಂದರೆ 32 ಮೈಕ್ರಾನ್. ‘ಅಳತೆಗಳು ಲೇಪನದ ನಂತರದವು’ ಅನ್ನೋ ಒಂದು ಸಾಲು ಇಲ್ಲದಿದ್ದರೆ ಟರ್ನರ್ ಏನಂತ ಊಹಿಸಬೇಕು?

ಇನ್ನು ಮಾನಕದ ಹೆಸರನ್ನು ಮಂತ್ರದ ಹಾಗೆ ನಕಲು ಮಾಡುವ ಚಾಳಿ. ‘ಐಎಸ್ಒ 2768-ಎಂಕೆ’ ಅನ್ನೋ ಸಾಲನ್ನು ನಮ್ಮಲ್ಲಿ ಅನೇಕರು ಕಣ್ಣುಮುಚ್ಚಿ ಹಾಕ್ತೇವೆ. ‘ಎಂ’ ಅಕ್ಷರ ಉದ್ದ, ವ್ಯಾಸಗಳ ಬಗ್ಗೆ: 30ರಿಂದ 120 ಮಿ.ಮೀ.ವರೆಗಿನ ಅಳತೆಗೆ 0.3 ಮಿ.ಮೀ. ಆಚೀಚೆ ನಡೆಯುತ್ತೆ. ‘ಕೆ’ ಅಕ್ಷರ ಸಮತಟ್ಟು, ಲಂಬ ಮೊದಲಾದವುಗಳ ಬಗ್ಗೆ. ಈ ‘ಕೆ’ ಬರುವ ಎರಡನೇ ಭಾಗವನ್ನು 2021ರಲ್ಲೇ ಹಿಂತೆಗೆದುಕೊಂಡು, ಐಎಸ್ಒ 22081 ತಂದಿದ್ದಾರೆ. ಹೊಸದರಲ್ಲಿ ರೆಡಿಮೇಡ್ ಕೋಷ್ಟಕ ಇಲ್ಲ. ಎಷ್ಟು ಬೇಕು ಅನ್ನೋ ಸಂಖ್ಯೆಯನ್ನು ಡಿಸೈನರ್ ತಾನೇ ಬರೀಬೇಕು. ನಮಗೆ ಇದು ತುಂಬಾ ಹಿಡಿಸಿತು. ಯೋಚನೆ ಮಾಡುವ ಕೆಲಸವನ್ನು ಡಿಸೈನರ್ ಮೇಜಿಗೇ ವಾಪಸ್ ಕಳಿಸಿದ್ದಾರೆ.

ನಮ್ಮಂಥ ವಲಸಿಗರಿಗೆ ಇನ್ನೊಂದು ಹಳ್ಳ ಕಾದಿರುತ್ತೆ. ಕರ್ನಾಟಕದ ಕಾಲೇಜುಗಳಲ್ಲಿ ನಾವು ಕಲಿತದ್ದು ಫಸ್ಟ್ ಆಂಗಲ್ ಪ್ರೊಜೆಕ್ಷನ್. ಮೇಲಿನ ನೋಟ ಕೆಳಗೆ ಬರುತ್ತೆ, ಎಡದ ನೋಟ ಬಲಕ್ಕೆ. ಆಸ್ಟ್ರೇಲಿಯಾದಲ್ಲಿ ಎಎಸ್ 1100 ಮಾನಕದ ಪ್ರಕಾರ ಥರ್ಡ್ ಆಂಗಲ್ ರೂಢಿ. ಮೇಲಿನದು ಮೇಲೆ, ಎಡದ್ದು ಎಡಕ್ಕೆ. ಯಾವುದು ಅಂತ ಹೇಳುವುದು ಮೂಲೆಯ ಪುಟ್ಟ ಶಂಕುವಿನ ಚಿಹ್ನೆ. ಅದು ಬಿಟ್ಟುಹೋದರೆ ಇಲ್ಲಿಂದ ಹೋದ ಡ್ರಾಯಿಂಗ್‌ಗೆ ಅಲ್ಲಿಂದ ಕನ್ನಡಿಯ ಪ್ರತಿಬಿಂಬದಂಥ ಭಾಗ ಬರಬಹುದು. ಎಲ್ಲ ಅಳತೆಯೂ ಸರಿ, ಜೋಡಿಸಲು ಮಾತ್ರ ಆಗಲ್ಲ.

“ನೋಟ್ ಜಾಸ್ತಿ ಇದ್ದರೆ ನಾಳೆ ತಕರಾರು ಬಂದಾಗ ನಮಗೆ ರಕ್ಷಣೆ” ಅಂತ ಕೆಲವು ಸ್ನೇಹಿತರು ಹೇಳ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ಆ ರಕ್ಷಣೆಯ ಬೆಲೆ ಕಟ್ಟುವವರು ಯಾರು? ಅಸ್ಪಷ್ಟ ಸಾಲು ದೊಡ್ಡವರನ್ನು ಕಾಯುತ್ತೆ, ನಷ್ಟವನ್ನು ಸರಪಳಿಯ ಕೊನೆಯ ಸಣ್ಣ ವರ್ಕ್‌ಶಾಪ್ ಮೇಲೆ ಹಾಕುತ್ತೆ. ಟೆಂಪ್ಲೇಟ್ ಇರಲಿ, ಸಮಯ ಉಳಿಸುತ್ತೆ. ಓದದೆ ಕಳಿಸುವುದು ಮಾತ್ರ ಬೇಡ.

ನಮ್ಮ ಸ್ಕೋಫೀಲ್ಡ್ಸ್‌ನ ಹಳೆಯ ವಿಮಾನ ನಿಲ್ದಾಣದ ಜಾಗದಲ್ಲಿ 1956ರಿಂದ 1990ರ ದಶಕದವರೆಗೆ ಆಸ್ಟ್ರೇಲಿಯಾ ನೌಕಾಪಡೆಯ ಅಪ್ರೆಂಟಿಸ್ ತರಬೇತಿ ನಡೀತಿತ್ತು. ಅದರ ಹೆಸರು ಎಚ್‌ಎಂಎಎಸ್ ನಿರಿಂಬಾ. ಹದಿಹರೆಯದ ಹುಡುಗರು ಅಲ್ಲಿ ಬಂದು ಕಸುಬು ಕಲಿಯುತ್ತಿದ್ದರು. ಇವತ್ತು ಅಲ್ಲಿ ಟೇಫ್ ಕಾಲೇಜಿದೆ. ಆ ಕಡೆ ಹೋದಾಗೆಲ್ಲ ನಮಗೆ ನೋಟ್ಸ್ ನೆನಪಾಗುತ್ತೆ. ಅವು ಇರುವುದು ಅಂಥವರಿಗಾಗಿ: ಕೈಯಲ್ಲಿ ಅರ ಹಿಡಿದು, ಡ್ರಾಯಿಂಗ್ ನೋಡಿ, “ಈಗ ಏನು ಮಾಡಲಿ?” ಅಂತ ನಿಂತವರಿಗಾಗಿ.

ಕೇಳುಗರಲ್ಲಿ ಡಿಸೈನರ್‌ಗಳಿದ್ದರೆ ಒಂದು ಕೆಲಸ ಮಾಡಿ. ಮುಂದಿನ ಡ್ರಾಯಿಂಗ್ ಕಳಿಸುವ ಮೊದಲು ನಿಮ್ಮ ನೋಟ್ಸನ್ನು ಗಟ್ಟಿಯಾಗಿ ಓದಿ. ಪ್ರತಿ ಸಾಲಿಗೂ ಎರಡೇ ಪ್ರಶ್ನೆ ಕೇಳಿ: ಇದನ್ನು ಯಾರು ಮಾಡ್ತಾರೆ, ಯಾವುದರಿಂದ ಅಳೀತಾರೆ? ಉತ್ತರ ಇಲ್ಲದ ಸಾಲನ್ನು ಹೊಡೆದು ಹಾಕಿ, ಇಲ್ಲವೇ ಸಂಖ್ಯೆ ಬರೆಯಿರಿ. ಆಮೇಲೆ ವರ್ಕ್‌ಶಾಪ್‌ಗೆ ಒಂದು ಫೋನ್ ಮಾಡಿ, “ಅರ್ಥ ಆಯ್ತಾ?” ಅಂತ ಕೇಳಿ. ನಾವು ಈಗ ಹಾಗೇ ಮಾಡ್ತೇವೆ. ಪೀಣ್ಯದ ಆ ಯಜಮಾನರಿಗೂ ಮೊನ್ನೆ ಫೋನ್ ಮಾಡಿದ್ದೆವು. “4ನೇ ನೋಟ್ ಸರಿ ಮಾಡಿದ್ದೀರಾ ಸಾರ್?” ಅಂತ ಅವರೇ ಮೊದಲು ಕೇಳಿದರು.

ಮುಂದಿನ ಕಂತಿನಲ್ಲಿ ಸಿಗೋಣ.